ಎರಡು ಕಡೆ ಲೆಕ್ಕಕ್ಕೆ ಬಂದದ್ದು

ಇವತ್ತು ಮಧ್ಯಾಹ್ನ ಪ್ರಯೋಗಾಲಯದ ಇನ್‌ಕ್ಯುಬೇಟರಿನ ಬಾಗಿಲು ತೆಗೆದಾಗ ಮಳೆಯ ವಾಸನೆ ಬಂತು. ಕಾದ ನೆಲದ ಮೇಲೆ ಮೊದಲ ಹನಿಗಳು ಬಿದ್ದಾಗ ಏಳುತ್ತದಲ್ಲ, ಅದೇ ವಾಸನೆ. ಅದನ್ನು ಹುಟ್ಟಿಸುವುದು ಮಳೆಯಲ್ಲ, ಮಣ್ಣಿನಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾ. ನಾವು ಅದನ್ನು ಗಾಜಿನಷ್ಟು ತಿಳಿಯಾದ ತಟ್ಟೆಗಳಲ್ಲಿ ಬೆಳೆಸುತ್ತೇವೆ. ನೆದರ್ಲೆಂಡ್ಸಿಗೆ ಬಂದ ಇಷ್ಟು ವರ್ಷಗಳಲ್ಲಿ ಹೊರಗಡೆ ನನಗೆ ಈ ವಾಸನೆ ಸಿಕ್ಕಿದ್ದು ನೆನಪಿಲ್ಲ. ಇಲ್ಲಿಯ ನೆಲಕ್ಕೆ ಒಣಗುವಷ್ಟು ಪುರುಸೊತ್ತೇ ಸಿಗುವುದಿಲ್ಲ.

ನನ್ನ ಹಿಂದೆ ನಿಂತಿದ್ದ ನೋರ್ ಮೂಗು ಸುಕ್ಕಿಸಿ, “ನಮ್ಮಜ್ಜಿಯ ಮನೆಯ ನೆಲಮಾಳಿಗೆಯ ವಾಸನೆ” ಅಂದಳು. ನೋರ್ ಹದಿನಾರು ವರ್ಷದ ಡಚ್ ಹುಡುಗಿ. ಹೈಸ್ಕೂಲಿನವಳು. ಬುಧವಾರದ ಮಧ್ಯಾಹ್ನಗಳಲ್ಲಿ ನಮ್ಮಲ್ಲಿಗೆ ಬರುತ್ತಾಳೆ. ಆ ವಯಸ್ಸಿನಲ್ಲಿ ಅಂಥದೇ ಬುಧವಾರಗಳಲ್ಲಿ ಬಂದು, ಈಗ ಅವಳಿಗೆ ತೋರಿಸಿಕೊಡುತ್ತಿರುವ ಜಾಗದಲ್ಲೇ ತಬ್ಬಿಬ್ಬಾಗಿ ನಿಂತಿದ್ದವಳು ನಾನು.

ಈ ಏರ್ಪಾಟು ನಿಮಗೆ ಹೊಸದಿರಬಹುದು. ಓದಿನಲ್ಲಿ ತುಸು ಮುಂದಿರುವ ಹೈಸ್ಕೂಲು ಮಕ್ಕಳನ್ನು ವಾರಕ್ಕೊಂದು ಮಧ್ಯಾಹ್ನ ಶಾಲೆಯಿಂದ ಬಿಡಿಸಿ ವಿಶ್ವವಿದ್ಯಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಒಂದು ಕೋರ್ಸು, ಕೊನೆಗೆ ಒಂದು ಸಣ್ಣ ಪ್ರಯೋಗ, ಅದರ ವರದಿ. ಪಾಸಾದರೆ ಆ ಕೆಲಸ ಶಾಲೆಯ ಅಂತಿಮ ಪ್ರಾಜೆಕ್ಟ್ ಎಂದೂ ನಡೆಯುತ್ತದೆ, ಮುಂದೆ ಅದೇ ವಿಷಯದಲ್ಲಿ ಡಿಗ್ರಿಗೆ ಸೇರಿದರೆ ಅಲ್ಲಿಯ ಕ್ರೆಡಿಟ್ ಎಂದೂ ನಡೆಯುತ್ತದೆ. ತಪ್ಪಿಹೋದ ಶಾಲೆಯ ಪಾಠಗಳನ್ನು ಮಕ್ಕಳೇ ಓದಿಕೊಳ್ಳಬೇಕು. ಶಾಲೆಯ ಅಂಕ ಇಳಿದರೆ ಬುಧವಾರ ಕೈಬಿಟ್ಟು ಹೋಗುತ್ತದೆ.

ನಾವು ದಾವಣಗೆರೆಯಿಂದ ಹಾರ್ಲೆಮ್‌ಗೆ ಬಂದಾಗ ನನಗೆ ಹನ್ನೊಂದು ವರ್ಷ. ಮನೆಯಲ್ಲಿ ದಖನಿ ಉರ್ದುವೂ ಕನ್ನಡವೂ ಒಂದೇ ವಾಕ್ಯದಲ್ಲಿ ಹೆಗಲ ಮೇಲೆ ಕೈ ಹಾಕಿಕೊಂಡು ಬರುತ್ತಿದ್ದವು. ಡಚ್ ಕಲಿತದ್ದು ಶಾಲೆಯಲ್ಲಿ, ಹೆದರಿಕೊಂಡು. ಶಾಲೆ ನನ್ನ ಹೆಸರನ್ನು ಈ ಕೋರ್ಸಿಗೆ ಕಳಿಸಿದೆ ಎಂದಾಗ ಅಬ್ಬು ಕೇಳಿದ್ದು ಒಂದೇ ಪ್ರಶ್ನೆ.

“ಬೇಟಾ, ಇದು ಕೌಂಟ್ ಆಗುತ್ತಾ?”

“ಎರಡು ಕಡೆ ಆಗುತ್ತೆ ಅಬ್ಬು.”

“ಎರಡು ಕಡೆ?” ಅಬ್ಬು ಕನ್ನಡಕ ತೆಗೆದು ಒರೆಸಿಕೊಂಡರು. “ಹಾಗಾದ್ರೆ ಹೋಗು.”

ದುರಾಸೆಯ ಮನುಷ್ಯನಲ್ಲ ಅಬ್ಬು. ಅವರು ಊರಿನಲ್ಲಿ ಮಾಡಿದ್ದ ಕೆಲಸದ ವರ್ಷಗಳನ್ನು ಇಲ್ಲಿಯ ಕಚೇರಿಯವರು ಅನುಭವ ಎಂದು ಒಪ್ಪಿರಲಿಲ್ಲ. ತಮಗಿಂತ ಚಿಕ್ಕವರ ಕೆಳಗೆ ಮೊದಲಿನಿಂದ ಶುರು ಮಾಡಿದ್ದರು. ಆದ್ದರಿಂದ ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎನ್ನುವುದು ಅವರಿಗೆ ಹಸಿವಿನಷ್ಟೇ ನಿಜವಾದ ಪ್ರಶ್ನೆಯಾಗಿತ್ತು.

ಹೀಗೆ ನಾನು ಬುಧವಾರಗಳಂದು ಹಾರ್ಲೆಮ್‌ನಿಂದ ವಿಶ್ವವಿದ್ಯಾಲಯವಿದ್ದ ಲೈಡನ್‌ಗೆ ರೈಲು ಹತ್ತತೊಡಗಿದೆ. ಕೋರ್ಸಿನಲ್ಲಿ ಕೊಟ್ಟಿದ್ದ ಬಿಳಿ ಕೋಟು ನನಗಿಂತ ಎರಡು ಅಳತೆ ದೊಡ್ಡದು. ತೋಳು ಮಡಚಿ ಮಡಚಿ ಮಣಿಕಟ್ಟಿನಲ್ಲಿ ಸಿಂಬೆಯಂತಾಗುತ್ತಿತ್ತು. ಆದರೂ ಅದನ್ನು ಚೀಲದಲ್ಲಿ ಹಾಕದೆ, ಎದುರು ಕೂತವರಿಗೆ ಕಾಣುವಂತೆ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಯಾರೂ ನೋಡಲಿಲ್ಲ. ಈ ದೇಶದ ರೈಲಿನಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ.

ಪ್ರಯೋಗಕ್ಕೆ ನನ್ನನ್ನು ಒಪ್ಪಿಸಿದ್ದು ಪಿಎಚ್‌.ಡಿ. ಮಾಡುತ್ತಿದ್ದ ಒಬ್ಬರಿಗೆ. ಗಿಡ್ಡ ದೇಹ, ಎಣ್ಣೆ ಹಚ್ಚಿ ಬಿಗಿದ ಜಡೆ, ಗಟ್ಟಿ ದನಿ. ಭಾರತದವರು ಎಂದಷ್ಟೇ ಇಬ್ಬರಿಗೂ ಗೊತ್ತು. ಮೊದಲ ಕೆಲವು ವಾರ ಇಬ್ಬರೂ ಮರ್ಯಾದೆಯ ಇಂಗ್ಲಿಷಿನಲ್ಲಿ ಮಾತಾಡಿದೆವು. ಒಂದು ದಿನ ಅಮ್ಮಿಯ ಫೋನು ಬಂತು. “ಹ್ಞೂ, ತಿಂದೆ. ಇಲ್ಲ, ತಿಂದೇ ಬಂದೆ” ಅಂದು ಇಟ್ಟೆ. ತಿರುಗಿ ನೋಡಿದರೆ ಆಕೆ ಎರಡೂ ಕೈ ಸೊಂಟದ ಮೇಲಿಟ್ಟು ನಿಂತಿದ್ದರು.

“ಏ ಹುಡುಗಿ! ಕನ್ನಡ ಇಟ್ಕೊಂಡು ಇಷ್ಟು ದಿನ ನನ್ನ ಕೈಲೆ ಇಂಗ್ಲಿಷ್ ಮಾತಾಡಿಸಿದಿ ಏನು? ನನ್ನ ನಾಲಿಗಿ ಸವದು ಹೋತಲ್ಲ!”

ಅವತ್ತಿನಿಂದ ಅವರು ಶಿವಲೀಲಕ್ಕ, ನಾನು ತಂಗಿ. ವಿಜಯಪುರದ ಕಡೆಯವರು. ಊಟದ ಹೊತ್ತಿಗೆ ಉಳಿದವರೆಲ್ಲ ಬ್ರೆಡ್ಡಿನ ಮೇಲೆ ಚೀಸಿನ ಹಾಳೆ ಇಟ್ಟು ತಿನ್ನುತ್ತಿದ್ದರೆ ಅಕ್ಕ ಕಟಕ್ ರೊಟ್ಟಿ ಮುರಿಯುವ ಸದ್ದಿಗೆ ಮೇಜಿನ ಆ ತುದಿಯವರೂ ತಲೆಯೆತ್ತುತ್ತಿದ್ದರು. ರಂಜಾನಿನ ಒಂದು ಬುಧವಾರ ಮಾತ್ರ ಅಕ್ಕ ಊಟದ ಡಬ್ಬಿ ತೆರೆಯಲೇ ಇಲ್ಲ. ತಿನ್ನಿ ಅಕ್ಕಾ, ನನಗೇನೂ ಆಗಲ್ಲ ಎಂದೆ. “ನಿನಗ ಆಗೂದಿಲ್ಲ, ನನಗ ಆಗತೈತಿ. ಸುಮ್ನ ಕೆಲಸ ನೋಡು” ಅಂದರು.

ಅಕ್ಕ ಹುಡುಕುತ್ತಿದ್ದುದು ಹೊಸದೊಂದು ಔಷಧವನ್ನು. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಕೆಲವು ತಮ್ಮ ಸುತ್ತ ಬೇರೆ ರೋಗಾಣುಗಳನ್ನು ಬೆಳೆಯಗೊಡುವುದಿಲ್ಲ. ತಟ್ಟೆಯಲ್ಲಿ ಅಂಥದರ ಸುತ್ತ ಬೋಳು ಉಂಗುರವೊಂದು ಮೂಡುತ್ತದೆ. ಆ ಉಂಗುರ ಕಂಡರೆ ಅಲ್ಲಿ ಏನೋ ಔಷಧವಿದೆ ಎಂದರ್ಥ. ಅಕ್ಕ ಬಂದ ಮೊದಲ ವರ್ಷ ಊರಾಚೆಯ ಟುಲಿಪ್ ಹೊಲದಿಂದ ತಂದ ಮಣ್ಣಿನಲ್ಲಿ ಅಂಥ ಒಂದು ಸಿಕ್ಕಿತ್ತು. ಯಾವ ಮದ್ದಿಗೂ ಬಗ್ಗದ ರೋಗಾಣುವಿನ ಎದುರು ಅಗಲವಾದ, ದುಂಡನೆಯ ಉಂಗುರ. ಅವರ ಪ್ರಬಂಧದ ಮುಖ್ಯ ಅಧ್ಯಾಯವೆಲ್ಲ ಅದರ ಮೇಲೆ ನಿಂತಿತ್ತು. ಫೋನಿನಲ್ಲಿ ಅದರ ಚಿತ್ರ ತೋರಿಸಿದರು, ಮಗುವಿನ ಚಿತ್ರ ತೋರಿಸುವ ಹಾಗೆ. ಪಕ್ಕದಲ್ಲಿ ಅದನ್ನು ಕಾಪಿಟ್ಟ ಬೆರಳುದ್ದದ ಕೊಳವೆ. ಮುಚ್ಚಳದ ಮೇಲೆ ಕಪ್ಪು ಶಾಯಿಯಲ್ಲಿ ‘೭’.

ದಾವಣಗೆರೆಯ ಶಾಲೆ ಬಿಟ್ಟ ಮೇಲೆ ನಾನು ಆ ಅಂಕಿಯನ್ನು ಕಂಡಿರಲಿಲ್ಲ. “ಕನ್ನಡದ ಏಳು!” ಅಂದೆ.

“ಹೊಸದಾಗಿ ಬಂದಾಗ ಯಾರ ಜೋಡಿನೂ ಮಾತಿಲ್ಲ ಕತಿಯಿಲ್ಲ” ಅಂದರು ಅಕ್ಕ. “ಮುಚ್ಚಳದ ಮ್ಯಾಲರ ನಮ್ಮ ಅಕ್ಷರ ಇರ್ಲಿ ಅಂತ ಮೊದಲಿನ ಹತ್ತು ಕೊಳವಿಗೆ ಹಂಗ ಬರದೆ. ಆಮ್ಯಾಲ ಎಲ್ಲಾರಂಗ ಬರಿಯಾಕ ಕಲತೆ.”

ನನಗೆ ಸಿಕ್ಕ ಕೆಲಸ ಸುಲಭದ್ದು. ಅದೇ ಏಳನೆಯದನ್ನು ಹೊಸ ತಟ್ಟೆಯಲ್ಲಿ ಬೆಳೆಸಿ, ಉಂಗುರ ಬರಿಸಿ, ಅಳೆದು ಬರೆಯುವುದು. ಕೋರ್ಸಿನ ಮಗುವಿಗೆಂದು ಖಚಿತವಾಗಿ ಬರುವ ಫಲವನ್ನೇ ಆರಿಸಿ ಕೊಟ್ಟಿದ್ದರು.

ಉಂಗುರ ಬರಲಿಲ್ಲ.

ಮುಂದಿನ ಬುಧವಾರವೂ ಬರಲಿಲ್ಲ. ತಪ್ಪು ನನ್ನದೇ ಎಂದುಕೊಂಡೆ. ಅಳತೆ ಮೀರಿದ ತೋಳಿನವಳು ಏನನ್ನು ತಾನೇ ಸರಿಯಾಗಿ ಮಾಡಿಯಾಳು? ಅಕ್ಕನೂ ನಗುತ್ತ, “ನಿನ್ನ ಕೈಗುಣ ಸ್ವಲ್ಪ ಕಡಿಮಿ ಐತಿ ತಂಗಿ, ಸರಿ, ನಾನ ಮಾಡಿ ತೋರಿಸ್ತೀನಿ” ಅಂದು ತಾವೇ ತಟ್ಟೆ ಹಾಕಿದರು. ಅವರ ಕೈಯಲ್ಲೂ ಬರಲಿಲ್ಲ. ಆ ದಿನ ಅಕ್ಕ ತಟ್ಟೆಯನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ತಿರುಗಿಸಿ, ಮತ್ತೆ ಹಿಡಿದು ನೋಡಿದರು. ನಗಲಿಲ್ಲ.

ಈ ಜಾತಿಯ ಬ್ಯಾಕ್ಟೀರಿಯಾಕ್ಕೆ ಒಂದು ಗುಣವಿದೆ. ತಟ್ಟೆಯಿಂದ ತಟ್ಟೆಗೆ ದಾಟಿಸುತ್ತ, ಹೊತ್ತು ಹೊತ್ತಿಗೆ ಉಣಿಸು ಕೊಡುತ್ತ ಬೆಳೆಸಿದರೆ, ಎಷ್ಟೋ ಸಲ ಆ ಔಷಧ ಮಾಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಅದಕ್ಕೇ ಮೊಟ್ಟಮೊದಲು ಸಿಕ್ಕಿದ್ದನ್ನು ಕಡುಶೀತದಲ್ಲಿ ಇಡುವುದು. “ಚಿಂತಿಲ್ಲ, ಮೂಲ ಕೊಳವಿ ಐತಲ್ಲ” ಅಂದು ಅಕ್ಕ ದಪ್ಪ ಕೈಗವಸು ಹಾಕಿಕೊಂಡು ದೊಡ್ಡ ಫ್ರೀಜರ್ ತೆರೆದರು. ಬಿಳಿ ಹೊಗೆ ನೆಲಕ್ಕಿಳಿಯಿತು. ಒಂದೊಂದೇ ಡಬ್ಬಿ ತೆಗೆದು ನೋಡಿದರು. ಆ ಮೊದಲಿನ ಹತ್ತು ಕೊಳವೆಗಳ ಡಬ್ಬಿ ಇರಲಿಲ್ಲ.

ಹಿಂದಿನ ಬೇಸಿಗೆಯಲ್ಲಿ ಅಕ್ಕ ತಮ್ಮನ ಮದುವೆಗೆ ಊರಿಗೆ ಹೋಗಿದ್ದಾಗ ಪ್ರಯೋಗಾಲಯದವರು ಫ್ರೀಜರನ್ನು ಸ್ವಚ್ಛ ಮಾಡಿದ್ದರು. ಮುಂಚೆಯೇ ಎಲ್ಲರಿಗೂ ತಿಳಿಸಿದ್ದರು: ಹೆಸರು ಓದಲು ಬಾರದ್ದನ್ನೆಲ್ಲ ತೆಗೆಯುತ್ತೇವೆ ಎಂದು. ಆ ಸಂದೇಶವನ್ನು ಅಕ್ಕನೂ ಓದಿದ್ದರಂತೆ. ತಮ್ಮವಕ್ಕೆಲ್ಲ ಗುರುತು ಬರೆದಿದೆಯಲ್ಲ ಎಂದುಕೊಂಡಿದ್ದರಂತೆ. ತೆಗೆದವರನ್ನು ಕೇಳಿದಾಗ ಅವರು ಪಾಪ ಯೋಚಿಸಿ ಹೇಳಿದರು: ಒಂದು ಡಬ್ಬಿ ಇತ್ತು, ಮುಚ್ಚಳಗಳ ಮೇಲೆ ಬರೀ ಗೀಚು, ಪೆನ್ನು ಬರೆಯುತ್ತದೋ ಇಲ್ಲವೋ ಎಂದು ಯಾರೋ ನೋಡಿದ ಹಾಗೆ.

ಯಾರೂ ತಪ್ಪು ಮಾಡಿರಲಿಲ್ಲ. ನನ್ನನ್ನು ಈಗಲೂ ಕಾಡುವುದು ಅದೇ.

ಅಕ್ಕನ ಗೈಡ್ ಆಗಿದ್ದ ಪ್ರೊಫೆಸರು ಬಂದು ಎಲ್ಲ ಕೇಳಿಸಿಕೊಂಡರು. ಎತ್ತರದ, ಒಳ್ಳೆಯ ಮನುಷ್ಯ. “ಯಾಮರ್” ಅಂದರು. ಛೇ, ಪಾಪ ಎನ್ನುವ ಡಚ್ ಮಾತು ಅದು. ಬಸ್ಸು ತಪ್ಪಿದರೂ ಯಾಮರ್, ಬಿಸ್ಕತ್ತು ಖಾಲಿಯಾದರೂ ಯಾಮರ್. ಅದಕ್ಕಿಂತ ದೊಡ್ಡ ಮಾತು ಅವರ ಬಳಿಯೂ ಇರಲಿಲ್ಲವೇನೋ. ಅಕ್ಕನ ನಾಲ್ಕು ವರ್ಷದ ನೇಮಕ ಆ ವಸಂತದ ಕೊನೆಗೆ ಮುಗಿಯುವುದಿತ್ತು. ಟುಲಿಪ್ ಹೊಲಕ್ಕೆ ಮತ್ತೆ ಹೋಗಿ ಮಣ್ಣು ತಂದರು, ರಜೆಯ ದಿನಗಳಲ್ಲೂ ತಟ್ಟೆ ಹಾಕಿದರು. ಏಳನೆಯದು ಮತ್ತೆ ಸಿಗಲಿಲ್ಲ. ಫೋನಿನ ಚಿತ್ರವೊಂದನ್ನು ನಂಬಿ ಯಾರೂ ಡಾಕ್ಟರೇಟ್ ಕೊಡುವುದಿಲ್ಲ.

ಅದರ ನಡುವೆಯೇ ನನ್ನ ವರದಿಯ ದಿನ ಬಂತು. ಉಂಗುರವೇ ಇಲ್ಲದ ಮೇಲೆ ಏನು ಬರೆಯುವುದು? ಕೊಳವೆಯ ವಿಷಯ ಅಕ್ಕನ ಮನೆಯ ಮಾತಿನಂತೆ ಅನ್ನಿಸಿ, ಬಿಟ್ಟುಬಿಡಲಾ ಎಂದು ಕೇಳಿದೆ.

“ಯಾಕ ಬಿಡತಿ?”

“ನಿಮಗೆ ತೊಂದರೆ ಆಗಬಾರದು ಅಂತ ಅಕ್ಕಾ.”

“ಆಗೂದು ಆಗಿ ಹೋಗೇತಿ. ಇದ್ದದ್ದು ಇದ್ದಂಗ ಬರಿ. ಉಂಗರ ಬರಲಿಲ್ಲ, ಇಷ್ಟು ಸಲ ನೋಡಿದ್ವಿ, ಮೂಲ ಕೊಳವಿ ಹೋತು. ಮುಗೀತು.” ತುಸು ತಡೆದು, “ಕೊಳವಿ ಮ್ಯಾಲ ಏನು ಬರದಿತ್ತು ಅನ್ನೂದನ್ನೂ ಬರಿ. ಮುಂದಿನವರಿಗೆ ಗೊತ್ತಾಗಲಿ” ಅಂದರು.

ನನಗೆ ಹತ್ತಕ್ಕೆ ಎಂಟು ಬಂತು. ಫಲ ಬಾರದಿದ್ದರೂ ಕೆಲಸ ಎಚ್ಚರದಿಂದ, ಪ್ರಾಮಾಣಿಕವಾಗಿ ನಡೆದಿದೆ ಎಂದು ಪ್ರೊಫೆಸರು ಷರಾ ಬರೆದಿದ್ದರು. ಶಾಲೆ ಅದನ್ನು ಒಪ್ಪಿತು, ವಿಶ್ವವಿದ್ಯಾಲಯವೂ ಒಪ್ಪಿತು. ಒಂದೇ ಮೇಜು, ಅವೇ ತಟ್ಟೆಗಳು, ಅದೇ ಬಾರದ ಉಂಗುರ. ಅದೇ ಷರಾ ಅಕ್ಕನ ವಿಷಯದಲ್ಲೂ ಅಕ್ಷರಶಃ ನಿಜ. ಆದರೆ ಅವರಿಗೆ ಅದನ್ನು ಬರೆದುಕೊಡುವ ಜಾಗ ಎಲ್ಲಿಯೂ ಇರಲಿಲ್ಲ. ಆ ದಿನ ರೈಲಿನಲ್ಲಿ ಮರಳುವಾಗ ಕೋಟನ್ನು ಮೊದಲ ಬಾರಿಗೆ ಚೀಲದೊಳಗೆ ಹಾಕಿದೆ.

ಅಕ್ಕ ಹೊರಟ ದಿನ ಅಬ್ಬು ನಮ್ಮ ಕಾರಿನಲ್ಲಿ ಅವರನ್ನು ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಕರೆದೊಯ್ದರು. ಅಮ್ಮಿ ದಾರಿಗೆಂದು ಖೀಮಾ ಇಲ್ಲದ ಸಮೋಸ ಕಟ್ಟಿ, ಮಾಂಸ ಹಾಕಿಲ್ಲ ಎಂದು ಎರಡು ಸಲ ಹೇಳಿ ಕಳಿಸಿದ್ದರು. ಸೂಟ್‌ಕೇಸು ಇಳಿಸುವಾಗ ಅಬ್ಬು, ಏನಾದರೂ ಹೇಳಬೇಕಲ್ಲ ಎಂದು, “ಅಲ್ಲಿಂದಲೇ ಥೀಸಿಸ್ ಕಂಪ್ಲೀಟ್ ಮಾಡಬಹುದಲ್ಲಮ್ಮಾ? ಇಷ್ಟು ವರ್ಷ ಮಾಡಿದ್ದು ಕೌಂಟ್ ಆಗಲೇಬೇಕಲ್ಲ?” ಅಂದರು.

ಅಕ್ಕ ನಕ್ಕರು. ಎಂದಿನ ಗಟ್ಟಿ ನಗುವೇ. “ನಿಮ್ಮ ಮಗಳಿಗೆ ಎರಡು ಕಡೆ ಲೆಕ್ಕಕ್ಕ ಬಂತಲ್ರೀ ಸರ್. ಅದರಾಗ ಒಂದು ನನ್ನದು ಅಂತ ತಿಳಕೊಳ್ರಿ.”

ಅದಾದ ಮೇಲೆ ಯಾವುದರ ಬಗ್ಗೆಯೂ ಅಬ್ಬು ನನ್ನನ್ನು ‘ಕೌಂಟ್ ಆಗುತ್ತಾ’ ಎಂದು ಕೇಳಿದ್ದಿಲ್ಲ.

ಮುಂದೆ ನಾನು ಲೈಡನ್‌ನಲ್ಲೇ ಡಿಗ್ರಿಗೆ ಸೇರಿದಾಗ ಆ ಕ್ರೆಡಿಟ್ಟಿನ ದೆಸೆಯಿಂದ ಒಂದು ಕೋರ್ಸಿನಿಂದ ವಿನಾಯಿತಿ ಸಿಕ್ಕಿತು. ಗೆಳತಿಯರು ಬಿಳಿ ಕೋಟು ತೊಟ್ಟು ಒಳಗೆ ಹೋದರೆ ನಾನು ಹೊರಗೆ ಕಾಲುವೆಯ ದಂಡೆಯ ಬೆಂಚಿನಲ್ಲಿ ಕೂತಿರುತ್ತಿದ್ದೆ. ಓದಲು ಪುಸ್ತಕ ಇರುತ್ತಿತ್ತು, ಓದುತ್ತಿರಲಿಲ್ಲ. ಆ ಬಿಡುವು ಬೇರೆ ಯಾರದೋ, ನಾನು ಕಾಯುತ್ತಿದ್ದೇನೆ ಅಷ್ಟೆ ಅನ್ನಿಸುತ್ತಿತ್ತು. ಶಿವಲೀಲಕ್ಕ ಈಗ ವಿಜಯಪುರದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಹುಡುಗಿಯರಿಗೆ ಪಾಠ ಹೇಳುತ್ತಾರೆ. ಈದ್‌ಗೆ ಅವರದು, ಸಂಕ್ರಾಂತಿಗೆ ನನ್ನದು, ತಪ್ಪದೆ ಸಂದೇಶ ಹೋಗುತ್ತದೆ, ಬರುತ್ತದೆ. ಏಳನೆಯದರ ಬಗ್ಗೆ ಇಬ್ಬರೂ ಮಾತಾಡಿಲ್ಲ.

ಇವತ್ತು ನೋರ್ ತನ್ನ ಕೊಳವೆಗಳನ್ನು ಫ್ರೀಜರಿಗೆ ಇಡುವುದಿತ್ತು. ನಾನು ಮೊದಲೇ ಬರೆದಿಟ್ಟ ಒಂದನ್ನು ಮಾದರಿಗೆ ಕೊಟ್ಟೆ. ಅದರ ಮುಚ್ಚಳದ ಮೇಲೆ ಎಲ್ಲರೂ ಓದುವ ಅಂಕಿ, ನನ್ನ ಹೆಸರಿನ ಮೊದಲಕ್ಷರ, ತಾರೀಖು. ಅವುಗಳ ಕೆಳಗೆ ಇನ್ನೊಂದು ಸಣ್ಣ ಗುರುತು.

“ಇದು ಏನು, ಈ ಕೆಳಗಿನದು?” ಅಂದಳು.

“ಅದೇ ಅಂಕಿ. ಏಳು.”

“ಎರಡು ಸಲ ಯಾಕೆ?”

ಈ ಪ್ರಶ್ನೆಯನ್ನು ಹಿಂದಿನ ಮಕ್ಕಳೂ ಕೇಳಿದ್ದಾರೆ. ಒಂದು ಅಭ್ಯಾಸ ಅಷ್ಟೆ ಎಂದು ನಾನು ಮಾತು ಮುಗಿಸಿಬಿಡುತ್ತೇನೆ. ಸ್ವಂತದ ವಿಷಯ ಹೇಳಿಕೊಳ್ಳುವುದು ನನಗೆ ಬರುವುದಿಲ್ಲ. ಇವತ್ತು ಯಾಕೋ, ಇನ್ನೂ ಗಾಳಿಯಲ್ಲಿದ್ದ ಆ ವಾಸನೆಗೋ ಏನೋ, “ಒಂದು ನನ್ನದು. ಇನ್ನೊಂದು ಇಲ್ಲಿ ಮೊದಲು ಇದ್ದವರೊಬ್ಬರದು” ಎಂದೆ.

ನೋರ್ ಪೆನ್ನು ತೆಗೆದುಕೊಂಡು ತನ್ನ ಮುಚ್ಚಳದ ಮೇಲೆ, ತನ್ನ ಏಳರ ಕೆಳಗೆ, ಅದನ್ನು ನೋಡಿ ನೋಡಿ ಬರೆದಳು. ಬಾಲ ಅತ್ತ ತಿರುಗುವ ಬದಲು ಇತ್ತ ತಿರುಗಿತ್ತು. ಹಾಗಲ್ಲ ಎಂದು ಒರೆಸಿ, ಅವಳ ಪೆನ್ನಿನಿಂದಲೇ ನಿಧಾನವಾಗಿ ಬರೆದು ತೋರಿಸಿದೆ: ಇಲ್ಲಿಂದ ಶುರು, ಹೀಗೆ ಸುತ್ತಿ, ಹೀಗೆ ಬಿಡು. ಎರಡನೆಯ ಸಲ ಸರಿಯಾಗಿ ಬಂತು. ಮೂರನೆಯದನ್ನು ನೋಡದೆಯೇ ಬರೆದಳು. ಡಬ್ಬಿಯನ್ನು ಫ್ರೀಜರಿನೊಳಗೆ ಇಟ್ಟು ಬಾಗಿಲು ಒತ್ತಿದೆವು.

ಆ ಕಟ್ಟಡದಲ್ಲಿ ಆ ಅಂಕಿಯನ್ನು ಓದಬಲ್ಲವರು ಈಗ ಇಬ್ಬರು.