ಆಗಾಫಿಯಾ ಅವರ ಕೆಂಪು ಪೆನ್ಸಿಲು

ನೀವು ಪ್ರುತ್ ನದಿಯ ಆಚೆ ದಡದಲ್ಲಿ ಕೆಮ್ಮಿದರೆ ಸಾಕು, ಆಗಾಫಿಯಾ ಮುನ್ತ್ಯಾನು ಈಚೆ ದಡದಲ್ಲಿ ಕೂತೇ ನಿಮ್ಮ ಹಿಮೋಗ್ಲೋಬಿನ್ ಎಷ್ಟೆಂದು ದಶಾಂಶ ಸಮೇತ ಹೇಳುತ್ತಾರೆ. ನಿಮ್ಮದಷ್ಟೇ ಅಲ್ಲ, ನಿಮ್ಮ ಕೋಳಿಗಳದ್ದೂ. ನಂಬದವರು ಬೆಳಗಿನ ಆರಕ್ಕೆ ಮೊಲ್ದೋವಾದ ದಕ್ಷಿಣ ತುದಿಯ ಈ ಪುಟ್ಟ ಆಸ್ಪತ್ರೆಗೆ ಬರಲಿ.

ಬೆಂಚಿನ ಮೇಲೆ ಹಸಿದ ಹೊಟ್ಟೆಯ ಹೆಂಗಸರು ಸಾಲಾಗಿ ಕೂತಿದ್ದಾರೆ. ಬಹುಪಾಲು ಅಕ್ರೋಟು ಒಡೆಯುವ ಶೆಡ್ಡಿನವರು. ಸಿಪ್ಪೆಯ ಕರೆಯಿಂದ ಬೆರಳೆಲ್ಲ ಕಪ್ಪು. ಮುಖಗಳು ಮಾತ್ರ ಮೇಣದ ಹಾಗೆ ಬಿಳಿ.

"ನಿಧಾನ ಅಕ್ಕ, ಇರೋದೇ ಒಂದು ಚಮಚ ರಕ್ತ!" ಎಂದಳು ತೋಳು ಚಾಚಿದವಳು.

"ಸುಮ್ನಿರೇ. ನಿನ್ನ ಬಾಯಿ ನೋಡಿದ್ರೆ ಎರಡು ಬಕೀಟು ಇರೋ ಹಾಗಿದೆ," ಎಂದು ಆಗಾಫಿಯಾ ಸೂಜಿ ಚುಚ್ಚಿದರು.

ಒಂಬತ್ತರೊಳಗೆ ನಲವತ್ತೆರಡು ತೋಳು. ಐವತ್ತೆಂಟರ ಆಗಾಫಿಯಾ ಮೂವತ್ತೊಂದು ವರ್ಷದಿಂದ ಇದೇ ಸ್ಟೂಲಿನ ಮೇಲೆ ಕೂತು ರಕ್ತ ತೆಗೆದು ಪರೀಕ್ಷಿಸುತ್ತಿದ್ದಾರೆ. ಅವರಿಗೆ ಸಿಟ್ಟು ಬಂದರೆ ಪರೀಕ್ಷಾ ನಳಿಕೆಗಳು ತಾವಾಗಿಯೇ ಬಿರುಕು ಬಿಡುತ್ತವೆ. ಈಚೆಗೆ ದಿನವೂ ಸಿಟ್ಟು ಬರುತ್ತಿದೆ.

"ನಾಲ್ಕು ವರ್ಷದಿಂದ ಅದೇ ಹೆಸರು, ಅದೇ ಅಂಕಿ," ಎನ್ನುತ್ತಾರೆ. "ಡಾಕ್ಟ್ರು ಕಬ್ಬಿಣದ ಮಾತ್ರೆ ಬರೀತಾರೆ, ಇವರು ನುಂಗ್ತಾರೆ, ಮತ್ತೆ ಬರ್ತಾರೆ. ಕಬ್ಬಿಣ ಎಲ್ಲಿಗೆ ಹೋಯ್ತು ಅಂತ ಒಬ್ಬನಾದ್ರೂ ಕೇಳಬೇಡವೇ?"

ಕಬ್ಬಿಣ ಹೋಗುವ ದಾರಿ ಅವರಿಗೆ ಗೊತ್ತು. ಹೆಲಿಕೋಬ್ಯಾಕ್ಟರ್ ಎಂಬ ಸೂಕ್ಷ್ಮಾಣು ಜಠರದ ಗೋಡೆಯಲ್ಲಿ ಬಿಡಾರ ಹೂಡಿಬಿಟ್ಟರೆ ತಿಂದ ಕಬ್ಬಿಣ ಮೈಗೆ ಹತ್ತುವುದಿಲ್ಲ. ಕೆಲವರಿಗೆ ಅಲ್ಲೇ ಹುಣ್ಣಾಗಿ ರಕ್ತ ಹನಿಹನಿಯಾಗಿ ಒಳಗೇ ಸೋರುತ್ತದೆ. ಇನ್ನು ಕೆಲವರಲ್ಲಿ ಬಿ-ಹನ್ನೆರಡು ಜೀವಸತ್ವವೂ ಕುಸಿಯುತ್ತದೆ. ತಳ ಒಡೆದ ಕೊಡಕ್ಕೆ ಎಷ್ಟು ನೀರು ಹೊಯ್ದರೇನು?

ಮೂವತ್ತಾರರ ತೊದೋರಾಳದ್ದು ಇದೇ ಕಥೆ. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಆರು ಪಾಯಿಂಟ್ ಎಂಟು. ಒಂದು ಮಹಡಿ ಹತ್ತಲು ಮೂರು ಕಡೆ ಕೂರುತ್ತಿದ್ದಳು. ಸುಣ್ಣದ ಗೋಡೆ ಕಂಡರೆ ನೆಕ್ಕುವ ಆಸೆ. ಅತ್ತೆ ಸೇಬಿಗೆ ಕಬ್ಬಿಣದ ಮೊಳೆ ಚುಚ್ಚಿಟ್ಟು, ಮರುದಿನ ಮೊಳೆ ಕಿತ್ತು ತಿನ್ನಿಸುತ್ತಿದ್ದಳು. ದೊಡ್ಡ ಡಾಕ್ಟರು, "ಹೆಂಗಸರು ಅಂದ್ಮೇಲೆ ಬಿಳಿಚಿಕೊಳ್ಳೋದು ಇದ್ದದ್ದೇ," ಎಂದಿದ್ದರು.

ಆಗಾಫಿಯಾ ಅವಳ ವರದಿಯ ಕೆಳಗೆ ಕೆಂಪು ಪೆನ್ಸಿಲಿನಲ್ಲಿ 'ಹೊಟ್ಟೆ ನೋಡಿ' ಎಂದು ಬರೆದರು. ಕರೆ ಬಂತು.

"ಚುಚ್ಚೋದು ನಿನ್ನ ಕೆಲಸ. ಯೋಚನೆ ಮಾಡೋದಲ್ಲ," ಎಂದರು ದೊಡ್ಡ ಡಾಕ್ಟರು.

"ನೀವು ಮಾಡಿದ್ರೆ ನಾನ್ಯಾಕೆ ಮಾಡ್ತಿದ್ದೆ?"

ಸೋಂಕು ಪತ್ತೆಯ ಕಿಟ್‌ಗಳು ದೊಡ್ಡ ಡಾಕ್ಟರದೇ ಬೀರುವಿನಲ್ಲಿ, ಬೀಗದೊಳಗೆ, ಅವಧಿ ಮುಗಿಯಲು ಒಂದೇ ತಿಂಗಳು ಬಾಕಿ ಇರುವಂತೆ ಬಿದ್ದಿದ್ದವು. ಆಗಾಫಿಯಾ ಬೀರುವಿನ ಮುಂದೆ ಸ್ಟೂಲು ಹಾಕಿಕೊಂಡು ಕೂತರು. "ಕೀಲಿ ಕೊಡೋವರೆಗೂ ಇವತ್ತು ಯಾರ ತೋಳೂ ಮುಟ್ಟಲ್ಲ." ನಲವತ್ತು ಹಗಲು ನಲವತ್ತು ರಾತ್ರಿ ಕೂತರೆನ್ನಿ. ಕೀಲಿ ಬಂತು. ತೊದೋರಾಳ ಪರೀಕ್ಷೆಯಲ್ಲಿ ಸೋಂಕೂ ಸಿಕ್ಕಿತು. ಹದಿನಾಲ್ಕು ದಿನದ ಮಾತ್ರೆ ಬರೆಯದೆ ದೊಡ್ಡ ಡಾಕ್ಟರಿಗೆ ಗತಿಯಿರಲಿಲ್ಲ.

ಆದರೆ ಒಂಬತ್ತನೆಯ ದಿನವೇ ಹ್ರಾಮ್, ಊರ ಸಂತನ ಹಬ್ಬ. ಅವತ್ತು ಮೇಜಿಗೆ ಒಂದೇ ಲೋಟ: ಯಜಮಾನ ಕುಡಿದು, ತುಂಬಿ, ಪಕ್ಕದವರಿಗೆ ಕೊಡುತ್ತಾನೆ. ಬೇಡವೆಂದರೆ ಮನೆತನಕ್ಕೇ ಅವಮಾನ. ಆ ಮಾತ್ರೆಗೂ ವೈನಿಗೂ ಆಗದು. ಹಾಗಾಗಿ ಈ ಸೀಮೆಯ ಜನ ಮಾತ್ರೆಯನ್ನೇ ಮೂರು ದಿನ ಬಿಡುತ್ತಾರೆ. "ಸಂತ ಮುನಿಸಿಕೊಂಡಾನು, ಮಾತ್ರೆ ಮುನಿಸಿಕೊಳ್ಳುತ್ತಾ?" ಎನ್ನುತ್ತಾರೆ. ಅರ್ಧ ಪೆಟ್ಟು ತಿಂದ ಸೂಕ್ಷ್ಮಾಣು ಮದ್ದಿಗೆ ಬಗ್ಗದಂತಾಗಿ ಬೆಳೆಯುತ್ತದೆ. ತೊದೋರಾಳ ಹದಿನಾಲ್ಕು ದಿನ ಉಳಿಯುವುದೋ ಇಲ್ಲವೋ ಆ ಲೋಟದ ಕೈಯಲ್ಲಿತ್ತು.

ಲೋಟ ಬಂತು. ತೊದೋರಾ ಎದ್ದು ಅದನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಪಾದ್ರಿ ಎದ್ದು ನಿಂತು ಆಶೀರ್ವದಿಸಿದರು. ಮೂರು ತಿಂಗಳಲ್ಲಿ ಅವಳ ಹಿಮೋಗ್ಲೋಬಿನ್ ಹದಿನಾಲ್ಕು ಮುಟ್ಟಿತು!

ಇಷ್ಟು ಬರೆದು ಆಗಾಫಿಯಾ ಅವರಿಗೆ ಓದಲು ಕೊಟ್ಟೆ. ಅವರು ಹಾಳೆಯನ್ನು ಮೇಜಿಗೆ ಕುಕ್ಕಿದರು.

"ಏನಯ್ಯಾ ಇದು? ಆ ಊಟಕ್ಕೆ ನೀನು ಬಂದಿದ್ಯಾ?"

"ಇಲ್ಲ ಅಕ್ಕ."

"ಪಾದ್ರಿ ಎದ್ದು ನಿಂತ್ರಾ?"

"ನಾನೇ ನಿಲ್ಲಿಸಿದೆ. ತಪ್ಪಾಯ್ತು."

ನಿಜ ಇಷ್ಟು. ಬೋರಲು ಹಾಕುವ ಧೈರ್ಯ ತೊದೋರಾಳಿಗಿರಲಿಲ್ಲ. "ನಮ್ಮ ವೈನಿಗೆ ವಿಷ ಹಾಕಿದ್ದೀವಾ ಅತ್ತಿಗೆ?" ಎಂದು ಮೈದುನ ಕುಟುಕಿದಾಗ ಲೋಟ ತುಟಿಗೇ ತಂದಿದ್ದಳು. ಕರೆಯದೆ ಬಂದು ಪಕ್ಕದಲ್ಲಿ ಒತ್ತಿಕೊಂಡು ಕೂತಿದ್ದ ಆಗಾಫಿಯಾ ಅದನ್ನು ಕಿತ್ತುಕೊಂಡು ತಾವು ಕುಡಿದರು. ಲೋಟ ಹನ್ನೊಂದು ಸುತ್ತು ಬಂತು; ತಮ್ಮ ಪಾಲು, ಅವಳ ಪಾಲು ಎರಡನ್ನೂ ಅವರೇ ಮುಗಿಸಿದರು. ತೊದೋರಾಳ ಮಾತ್ರೆ ಒಂದು ದಿನವೂ ತಪ್ಪಲಿಲ್ಲ. ಮರುದಿನ ಅಮಲು ಇಳಿಯದ್ದರಿಂದ ಸೂಜಿ ಹಿಡಿಯಲಾಗದೆ, ಹಸಿದು ಬಂದವರನ್ನೆಲ್ಲ ವಾಪಸು ಕಳಿಸಿದರು. ಅದೊಂದಕ್ಕೆ ಅವರಿಗೆ ಈಗಲೂ ನಾಚಿಕೆ. ಬೀರುವಿನ ಮುಂದೆ ಕೂತದ್ದು ಬರೀ ಎರಡು ಗಂಟೆ.

ಹಿಮೋಗ್ಲೋಬಿನ್ ಹದಿನಾಲ್ಕು ಮುಟ್ಟಿತೆಂದದ್ದೂ ನನ್ನದೇ ಸೇರ್ಪಡೆ. ತೊದೋರಾಳದ್ದು ಹನ್ನೊಂದು ಪಾಯಿಂಟ್ ಎರಡು.

"ಅಷ್ಟೇ ಬರಿ," ಎಂದರು ಆಗಾಫಿಯಾ. "ಅದು ಅವಳೇ ಮಾಡಿಕೊಂಡ ರಕ್ತ. ನಿನ್ನದೊಂದು ಹನಿಯೂ ಅದಕ್ಕೆ ಸೇರಿಸಬೇಡ."