ಕುಲ್ಫಿ ಪೆಟ್ಟಿಗೆಯಲ್ಲಿ ಬಂದ ಕೈ

ತೊಂಬತ್ತರ ದಶಕದ ಆರಂಭ. ಕೃಷ್ಣೆಯ ಕಾಲುವೆ ನೀರು ಶಹಾಪುರ, ಸುರಪುರದ ಹೊಲಗಳಿಗೆ ಹರಿದು ಕೆಲವು ವರ್ಷಗಳಾಗಿದ್ದವು. ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಯಂತ್ರಗಳು ಬಂದವು, ಯಂತ್ರಗಳ ಹಿಂದೆ ನನ್ನ ರೋಗಿಗಳು ಬಂದರು. ನಾನಾಗ ಯಾದಗಿರಿಯಲ್ಲಿ ಹತ್ತು ಹಾಸಿಗೆಯ ನರ್ಸಿಂಗ್ ಹೋಂ ನಡೆಸುತ್ತಿದ್ದ ಪ್ಲಾಸ್ಟಿಕ್ ಸರ್ಜನ್. ಹಾಗೆಂದರೆ ಮೂಗು ತಿದ್ದುವವನೆಂದು ಜನ ತಿಳಿದಿದ್ದರು. ನನ್ನ ಪಾಲಿಗೆ ಬರುತ್ತಿದ್ದುದು ಹರಿದ ಕೈ, ಸುಟ್ಟ ಕುತ್ತಿಗೆ, ಚರ್ಮ ಕಿತ್ತುಹೋದ ಕಾಲು.

ಗಾಡಿಯ ಗಾಲಿ ಕಟ್ಟುವವನ ಮಗ ನಾನು. ಯಾರೂ ಏನನ್ನೂ ತಂದು ಕೈಗಿಟ್ಟವರಲ್ಲ. ಹೈದರಾಬಾದಿನ ಕಣ್ಣಿನ ಡಾಕ್ಟರೊಬ್ಬರು ಮಾರಲಿದ್ದ ಹಳೆಯ ಆಪರೇಟಿಂಗ್ ಮೈಕ್ರೋಸ್ಕೋಪನ್ನು ಮೂರು ದಿನ ಅವರ ಬಾಗಿಲಲ್ಲಿ ಕೂತು ಚೌಕಾಸಿ ಮಾಡಿ ತಂದಿದ್ದೆ. ಅದರಡಿ ಕೂದಲಿಗಿಂತ ತೆಳ್ಳಗಿನ ದಾರದಿಂದ ರಕ್ತನಾಳಗಳನ್ನು ಹೊಲಿದು, ತುಂಡಾದ ಅಂಗವನ್ನು ಮತ್ತೆ ಜೋಡಿಸಬಹುದು. ಇದೇ ರೀಪ್ಲಾಂಟೇಷನ್. ಇಬ್ಬರ ಬೆರಳು ಜೋಡಿಸಿ ಗೆದ್ದಿದ್ದೆ. ಗೆದ್ದವನು ಸುಮ್ಮನಿರುತ್ತಾನೆಯೇ? ಭೀಮರಾಯನಗುಡಿಯ ರೈತರ ಸಭೆಯೊಂದರಲ್ಲಿ ಮೈಕ್ ಹಿಡಿದು ಬುದ್ಧಿ ಹೇಳಿದೆ: "ಕೈ ತುಂಡಾದ್ರ ತುಂಡು ಒಗೀಬ್ಯಾಡ್ರಿ. ಐಸ್‌ನ್ಯಾಗ ಇಟ್ಕೊಂಡು ಓಡಿ ಬರ್ರಿ. ಎಷ್ಟು ತಣ್ಣಗೋ ಅಷ್ಟು ಚಲೋ!" ಚಪ್ಪಾಳೆ ಬಿತ್ತು.

ಮರು ಬೇಸಿಗೆಯ ಒಂದು ಮಧ್ಯಾಹ್ನ ಹನ್ನೆರಡಕ್ಕೆ ಜೀಪೊಂದು ಬಂದು ನಿಂತಿತು. ಅದರಲ್ಲಿ ಖಾಜಾಬಿ, ಮೂವತ್ತರ ಹೆಂಗಸು. ಭತ್ತ ಬೆಳೆಯಲು ಬಂದು ನೆಲೆಸಿದವರ ಕ್ಯಾಂಪಿನ ಎಮ್ಮೆಗಳಿಗೆ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಬಲಗೈ ಮಣಿಕಟ್ಟಿನಲ್ಲಿ ತುಂಡಾಗಿತ್ತು. ಗಾಯ ನೋಡಿ ನನಗೆ ಖುಷಿಯಾಯಿತು ಎನ್ನಲು ಇಂದಿಗೂ ನಾಚಿಕೆಯಾಗುತ್ತದೆ, ಆದರೆ ಆಯಿತು. ತೆನೆ ಬಡಿದು ಕಾಳು ಬಿಡಿಸುವ ರಾಶಿ ಮಷಿನ್ ಕೈಯನ್ನು ಜಜ್ಜುತ್ತದೆ, ಜಜ್ಜಿದ್ದು ಕೂಡುವುದು ಕಷ್ಟ. ಇದು ಚಾಕುವಿನಲ್ಲಿ ಕೊಯ್ದಂತಿತ್ತು. ರಕ್ತವಿಲ್ಲದೆ ಹಸ್ತ ಸುಮಾರು ಆರು ತಾಸು ತಾಳುತ್ತದೆ; ಕಳೆದದ್ದು ಎರಡೇ ತಾಸು.

"ಕೈ ಎಲ್ಲೈತಿ?" ಎಂದೆ.

ಅವಳ ಗಂಡ ಲಾಲ್‌ಸಾಬ ಕುಲ್ಫಿ ಮಾರುವವನು. ಹಾಲು ಕುದಿಸಿ ಕುಲ್ಫಿ ಮಾಡುವವಳು ಖಾಜಾಬಿ, ತಿರುಗಿ ಮಾರುವವನು ಇವನು. ಜೀಪಿನಿಂದ ತನ್ನ ಕುಲ್ಫಿ ಪೆಟ್ಟಿಗೆಯನ್ನೇ ಎದೆಗವಚಿಕೊಂಡು ಇಳಿದ.

"ನಿಮ್ಮ ಭಾಷಣ ಕೇಳಿದ್ನಿರಿ ಸಾಹೇಬ್ರ. ಹೇಳಿದ್ಹಂಗ ತಂದೀನಿ. ಬರೇ ಐಸ್ ಸಾಲಂಗಿಲ್ಲಂತ ಎರಡು ಸೇರು ಉಪ್ಪೂ ಹಾಕೀನ್ರಿ."

"ದಾರ್ಯಾಗ ಜೀಪು ಜಿಗಿದ್ರ ನನಗ ಬೈತಾನ್ರಿ, ಪೆಟಿಗಿಗೆ ಪೆಟ್ಟು ಬಡೀತೈತಂತ," ಎಂದು ಡ್ರೈವರ್ ನಕ್ಕ.

ನನಗೆ ನಗು ಬರಲಿಲ್ಲ. ಐಸಿಗೆ ಉಪ್ಪು ಬೆರೆಸಿದರೆ ಅದರ ಉಷ್ಣತೆ ಸೊನ್ನೆ ಡಿಗ್ರಿಗಿಂತ ಬಹಳ ಕೆಳಗಿಳಿಯುತ್ತದೆ. ಕುಲ್ಫಿ ಕಲ್ಲಾಗುವುದು ಹಾಗೆಯೇ. ಹಾಲನ್ನು ಕಲ್ಲು ಮಾಡುವ ಶೀತ ಮಾಂಸವನ್ನು ಬಿಟ್ಟೀತೇ? ಆ ಕೈಯನ್ನು ಸ್ಟೀಲ್ ಟ್ರೇಯಲ್ಲಿಟ್ಟಾಗ ಟಣ್ ಎಂದಿತು. ಜೀವಕೋಶದೊಳಗಿನ ನೀರು ಹೆಪ್ಪುಗಟ್ಟಿ ಕೋಶಗಳೇ ಒಡೆದಿರುತ್ತವೆ, ಅಂಥ ಕೈ ಜೋಡಿಸಬೇಡ ಎನ್ನುತ್ತವೆ ನಮ್ಮ ಪುಸ್ತಕಗಳು.

ನಾನು ಪುಸ್ತಕದೊಡನೆಯೂ ಚೌಕಾಸಿಗಿಳಿದೆ. ಒಳಗೆಲ್ಲೋ ಜೀವ ಉಳಿದಿರಬಹುದು ಎಂದುಕೊಂಡೆ. ಕೈಯ ಹೆಪ್ಪನ್ನು ಉಗುರುಬೆಚ್ಚಗಿನ ಸಲೈನಿನಲ್ಲಿ ಕರಗಿಸಿ, ಎಲುಬುಗಳನ್ನು ತಂತಿಯಿಂದ ಬಿಗಿದು, ರಕ್ತನಾಳ ಹೊಲಿದು, ರಕ್ತ ತಡೆದಿದ್ದ ಕ್ಲಾಂಪ್ ಬಿಟ್ಟೆ. ಹಸ್ತ ಕೆಂಪಾಯಿತು. ಬೆಚ್ಚಗಾಯಿತು. ನರ್ಸ್ ತಡೆಯಲಾರದೆ ಹೊರಗೋಡಿ ಲಾಲ್‌ಸಾಬನಿಗೆ ಹೇಳಿಯೂ ಬಿಟ್ಟಳು. ಹತ್ತು ನಿಮಿಷವಷ್ಟೇ. ಬೆರಳ ತುದಿಯಿಂದ ಕಪ್ಪು ಏರತೊಡಗಿತು. ನಾಳದ ಒಳಪದರ ಹಾಳಾಗಿ, ರಕ್ತ ಅಲ್ಲೇ ಗಟ್ಟಿಯಾಗುತ್ತಿತ್ತು. ಮೂರು ಸಲ ಬಿಚ್ಚಿ ಹೊಲಿದೆ. ಸಂಜೆ ಐದಕ್ಕೆ, ಹೊಲಿದದ್ದನ್ನೆಲ್ಲ ನಾನೇ ಕತ್ತರಿಸಿ ಕೈ ತೆಗೆದಿಟ್ಟೆ.

ಹೊರಗೆ ಬಂದು ಹೇಳಿದೆ. ಲಾಲ್‌ಸಾಬ ಕೇಳಿದ: "ಉಪ್ಪು ಕಮ್ಮಿ ಬಿತ್ತೇನ್ರಿ, ಸಾಹೇಬ್ರ?"

ಯಂತ್ರದ ಪೆಟ್ಟು ಜೋರಿತ್ತು ಎಂದಿದ್ದರೆ ನಂಬುತ್ತಿದ್ದ. ಆದರೆ ನಾಳೆ ಇನ್ನಾರಿಗೋ ಮೂರು ಸೇರು ಉಪ್ಪು ಹಾಕಲು ಹೇಳುತ್ತಿದ್ದ. "ಉಪ್ಪು ಹಾಕಬಾರದಿತ್ತು ಭಾಯಿ. ಐಸ್ ಕೈಗೆ ತಾಕಲೇಬಾರದಿತ್ತು. ನಾ ಹೇಳಿದ್ದು ತಪ್ಪು, ನಿಮ್ದಲ್ಲ."

"ಹಂಗಾರ ಬರೇ ಬಟ್ಟ್ಯಾಗ ಸುತ್ತಿ ತಂದಿದ್ರ ಕೂಡತಿತ್ತೇನ್ರಿ?"

"ಕೂಡಬಹುದಿತ್ತು."

ಅವನು ಪೆಟ್ಟಿಗೆಯನ್ನೆತ್ತಿ ಉಪ್ಪುನೀರನ್ನು ಹೊರಗೆ ಚೆಲ್ಲಿ ಬಂದ.

ಉಳಿದ ಮೊಂಡುಗೈಯ ಎಲುಬು ಮುಚ್ಚಲು ಗ್ರಾಯಿನ್ ಫ್ಲಾಪ್ ಮಾಡಿದೆ: ತೊಡೆಸಂದಿಯ ಚರ್ಮವನ್ನು ಪೂರ್ತಿ ಬೇರ್ಪಡಿಸದೆ ಎತ್ತಿ ಗಾಯಕ್ಕೆ ಹೊಲಿದು, ಮೂರು ವಾರ ಕೈಯನ್ನು ಅಲ್ಲಿಗೇ ಅಂಟಿಸಿಡುವುದು. ಆ ಮೂರು ವಾರ ಲಾಲ್‌ಸಾಬನೇ ಅವಳಿಗೆ ತುತ್ತು ಮಾಡಿ ಉಣ್ಣಿಸಿದ. ಒಂದು ಬೆಳಿಗ್ಗೆ ಡ್ರೆಸಿಂಗ್ ಬಿಚ್ಚುವಾಗ ಖಾಜಾಬಿ ಕೇಳಿದಳು:

"ಕೈ ಬೆಚ್ಚಗಾಗಿತ್ತಂತ. ಖರೇ ಏನ್ರಿ?"

"ಹೌದು. ಹತ್ತು ನಿಮಿಷ."

"ಆವಾಗ ನನ್ನ ಎಬ್ಬಿಸಬೇಕಿತ್ರಿ. ಒಮ್ಮಿ ಮುಟ್ಟಿ ನೋಡ್ತಿದ್ನಿ."

ಓದುವವರು ಇಷ್ಟು ನೆನಪಿಡಿ. ತುಂಡಾದ ಅಂಗವನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿಯಿರಿ. ಆ ಚೀಲವನ್ನು ಐಸ್ ಬೆರೆಸಿದ ನೀರಿನಲ್ಲಿಡಿ. ಅಂಗಕ್ಕೆ ಐಸೂ ತಾಕಬಾರದು, ಆ ನೀರೂ ತಾಕಬಾರದು. ಉಪ್ಪಂತೂ ಬೇಡವೇ ಬೇಡ. ಈಗ ಎಲ್ಲಿ ಮಾತಾಡಿದರೂ ಕೇಳುಗರಲ್ಲೊಬ್ಬರನ್ನು ಎಬ್ಬಿಸಿ, ಹೇಳಿದ್ದನ್ನು ಮಾಡಿ ತೋರಿಸಿರಿ ಎನ್ನುತ್ತೇನೆ. ಕೇಳಿದವನು ನಮ್ಮ ಮಾತನ್ನು ತನ್ನ ಕಸುಬಿನ ಬುದ್ಧಿಯಿಂದ, ತನ್ನ ಮನೆಯಲ್ಲಿದ್ದ ಸಾಮಾನಿನಿಂದ ಪೂರ್ತಿ ಮಾಡಿಕೊಳ್ಳುತ್ತಾನೆ. ಇದನ್ನು ಕಲಿಯುವುದರಲ್ಲಿ ನಾನು ಕಳೆದುಕೊಂಡದ್ದು ಏನೂ ಇಲ್ಲ. ಕೈ ಹೋದದ್ದು ಖಾಜಾಬಿಯದು.