ಅಗಲದ ಚಕ್ರ ಹಾಕಿಸಿ ಚಿಕ್ಕಮ್ಮನನ್ನು ಕರೆತಂದದ್ದು

ರಸ್ತೆಗಳೆಲ್ಲ ಇನ್ನೂ ಎತ್ತಿನ ಗಾಡಿಗಳ ಸ್ವತ್ತಾಗಿದ್ದ ಕಾಲ. ಯುದ್ಧ ಮುಗಿದಿತ್ತು, ರೇಷನ್ನು ಮುಗಿದಿರಲಿಲ್ಲ. ಕಿರುಗಾವಲಿನ ಹತ್ತಿರದ ನಮ್ಮ ಊರಲ್ಲಿ ಬಸ್ಸಿನ ಸದ್ದು ಕೇಳಿದರೆ ಉಣ್ಣುತ್ತಿದ್ದವರೂ ಎಂಜಲು ಕೈಯಲ್ಲೇ ಎದ್ದು ಬರುತ್ತಿದ್ದರು. ಅಂಥ ಊರಿಗೆ ನಮ್ಮ ಚಿಕ್ಕಪ್ಪ ಪುಟ್ಟಸ್ವಾಮಿ ಕಾರು ತಂದುಬಿಟ್ಟ! ತನ್ನ ಸೀಮೆಗೆ ವಾಪಸು ಹೊರಟ ಬಿಳಿ ಸಾಹೇಬನೊಬ್ಬ ಬಿಟ್ಟುಹೋದ ಹಳೆಯ ರೇಸಿನ ಕಾರು. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಹೊಟ್ಟೆ ನೆಲಕ್ಕೆ ತಾಗಿತೇನೋ ಅನ್ನುವಷ್ಟು ತಗ್ಗು. ಗಿಣಿಹಸಿರು ಬಣ್ಣ. ಚಕ್ರಗಳು ಮಾತ್ರ ಸೈಕಲ್ಲಿನದಕ್ಕಿಂತ ಒಂಚೂರು ದಪ್ಪ, ಅಷ್ಟೆ. ನಾನಾಗ ಒಂಬತ್ತು ವರ್ಷದ ಹುಡುಗಿ. ಅಷ್ಟು ಚೆಂದದ ವಸ್ತುವನ್ನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಚಿಕ್ಕಪ್ಪನಿಗೆ ಆ ವರ್ಷವೇ ಮದುವೆಯಾಗಿತ್ತು. ಚಿಕ್ಕಮ್ಮ ಜಯಮ್ಮನ ತವರು ಮದ್ದೂರಿನ ಆಚೆ, ನಾಲೆಯ ಪಕ್ಕದ ಊರು. ಆಷಾಢ ಹತ್ತಿರ ಬಂತು. ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಮನೆಯಲ್ಲಿ ಇರುವ ಹಾಗಿಲ್ಲವಲ್ಲ, ಚಿಕ್ಕಪ್ಪ ಅವಳನ್ನು ಕಾರಿನಲ್ಲೇ ಬಿಟ್ಟು ಬರುತ್ತೇನೆಂದು ಹೊರಟ. ನಾಲೆ ಬಂದ ಮೇಲೆ ಆ ಕಡೆಯ ದಾರಿಗಳೆಲ್ಲ ಸದಾ ಜೌಗು. ಮಾವನ ಮನೆ ಕಾಣಿಸುವಷ್ಟು ದೂರದಲ್ಲಿ ಆ ಸಣ್ಣ ಚಕ್ರಗಳು ಗಾಡಿ ಜಾಡಿನೊಳಗೆ ಇಳಿದು ಹೂತುಕೊಂಡವು. ಕೊನೆಗೆ ಮಾವನ ಎತ್ತುಗಳೇ ಬಂದು ಅಳಿಯನನ್ನು ಕಾರಿನ ಸಮೇತ ಊರೊಳಗೆ ಎಳೆದುಕೊಂಡು ಹೋದವಂತೆ. ಊರಿಗೆ ಊರೇ ನಿಂತು ನೋಡಿತಂತೆ.

"ಸ್ರಾವಣಕ್ಕೆ ಗಾಡಿ ಕಟ್ಟಿಸ್ಕೊಂಡು ಬನ್ನಿ ಅಳಿಯಂದ್ರೆ. ಈ ಡಬ್ಬದಲ್ಲಿ ಮಗಳ್ನ ಕಳ್ಸಕಿಲ್ಲ" ಎಂದರಂತೆ ಮಾವ.

ನಮ್ಮ ತಾತ ಅದಕ್ಕಿಂತ ಖಾರ. "ಮಾನ ಕಳ್ದ್ಯಲ್ಲೋ ಬಡ್ಡೆತ್ತದೆ! ಇನ್ನೊಂದ್ಸಲ ಹೂತ್ಕೊಂಡ್ರೆ ಅಲ್ಲೇ ಬುಟ್ಟು ಬಾ. ಅದು ಈ ಅಟ್ಟಿಗೆ ಬರಕೂಡ್ದು."

ಚಿಕ್ಕಪ್ಪನಿಗೆ ಉಳಿದದ್ದು ಎರಡೇ ದಾರಿ. ಹೆಂಡತಿಯನ್ನು ಆ ಕಾರಿನಲ್ಲೇ ಕರೆತರುವುದು, ಇಲ್ಲವೇ ಕಾರನ್ನು ಬಿಡುವುದು. ಆಷಾಢದಲ್ಲಿ ಅಳಿಯ ಮಾವನ ಮನೆಯ ಹೊಸಿಲು ತುಳಿಯುವಂತಿಲ್ಲ. ಹಾಗಾಗಿ ಇಡೀ ತಿಂಗಳು ಅವನಿಗೆ ಚಕ್ರದ್ದೇ ಧ್ಯಾನ. ಎಲ್ಲಿಂದಲೋ ಮಿಲಿಟರಿಯವರು ಮಾರಿದ ಅಗಲದ ರಿಮ್ಮು, ಅಗಲದ ಟೈರು ಹುಡುಕಿ ತಂದ. ಅವು ಈ ಕಾರಿಗೆ ಕೂರಬೇಕಲ್ಲ? ಮದ್ದೂರಿನ ಗ್ಯಾರೇಜಿನ ಬಾಬು ಮೇಸ್ತ್ರಿ ಹಳೆಯ ಚಕ್ರದ ನಡುಭಾಗ ಕತ್ತರಿಸಿ, ಅದರ ಸುತ್ತ ಹೊಸ ರಿಮ್ಮು ಬೆಸುಗೆ ಹಾಕುತ್ತೇನೆಂದ. ಎರಡು ಸಲ ಸೋತ. ಬೆಸೆದ ಚಕ್ರ ತಿರುಗಿಸಿದರೆ ಕುಡಿದವನ ಹಾಗೆ ಓಲಾಡುತ್ತಿತ್ತು. ಮೂರನೆಯ ಸಲ ನೆಟ್ಟಗೆ ನಿಂತಿತು.

ಟೈರು ಹಾಕುವ ದಿನ ನಾನು ಹಟ ಹಿಡಿದು ಜೊತೆಗೆ ಹೋದೆ. ಸೋಪಿನ ನೀರು ಸವರಿ, ಕಬ್ಬಿಣದ ಪಟ್ಟಿ ತೂರಿಸಿ, ಇಬ್ಬರೂ ಬುಸುಬುಸು ಎನ್ನುತ್ತಾ ಟೈರನ್ನು ರಿಮ್ಮಿಗೆ ಇಳಿಸಿದರು. ಪಂಪು ಒತ್ತುವುದು ನನ್ನ ಕೆಲಸ. ಅಂದರೆ ಪಂಪಿಗೆ ಜೋತು ಬೀಳುವುದು. ರಬ್ಬರು, ಪೆಟ್ರೋಲು, ಪಕ್ಕದ ಹೋಟೆಲಿನಲ್ಲಿ ಕರಿಯುತ್ತಿದ್ದ ವಡೆ, ಮೂರೂ ಸೇರಿದ ಆ ವಾಸನೆ! ಎಣ್ಣೆ ಸೋರುವ ಬಿಸಿ ವಡೆ ತಿಂದು, ಚಿಕ್ಕಪ್ಪ ನಾನು ಇಬ್ಬರೇ ಕೂತು ಶಿಂಷಾ ಹೊಳೆಯ ದಂಡೆಯ ಕೆಸರಿನಲ್ಲೆಲ್ಲ ಕಾರನ್ನು ಓಡಾಡಿಸಿದೆವು. ಎಲ್ಲೂ ಹೂತುಕೊಳ್ಳಲಿಲ್ಲ. ನಾನು ಕಿರುಚಿದ ಕಿರುಚಾಟಕ್ಕೆ ಬಟ್ಟೆ ಒಗೆಯುತ್ತಿದ್ದವರು ಬಡಿಯುವುದನ್ನೇ ನಿಲ್ಲಿಸಿದರು. ಹಳೆಯ ಟೈರುಗಳು ಊರಿನ ಮಕ್ಕಳ ಪಾಲಾದವು. ಕೋಲಿನಲ್ಲಿ ಹೊಡೆದುಕೊಂಡು ಬೀದಿ ಬೀದಿ ಓಡಿಸಿದೆವು.

ಶ್ರಾವಣ ಬಂತು. ಸೊಸೆಯನ್ನು ಕರೆಯಲು ಮನೆಯ ಹೆಂಗಸೊಬ್ಬಳು ಹೋಗಲೇಬೇಕು, ಗಂಡ ಒಬ್ಬನೇ ಹೋಗಿ ಕರೆದರೆ ಮರ್ಯಾದೆಯಲ್ಲ. ಅಜ್ಜಿ ನಮ್ಮ ದೊಡ್ಡತ್ತೆಯನ್ನು ಕಳಿಸುವುದೆಂದಳು. ದೊಡ್ಡತ್ತೆ ಕೂತರೆ ಕಾರು ತುಂಬಿಹೋಗುತ್ತಿತ್ತು. ಕೊನೆಗೆ ಮನೆಯ ಹೆಂಗಸರ ಪರವಾಗಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ನಾನೇ ಹೊರಟೆ. ಆ ದಿನದ ನನ್ನ ಜಂಬವನ್ನು ಹೇಳಲಾರೆ.

ಮಾವ ಊರ ಮುಂದೆಯೇ ನಿಂತಿದ್ದರು. "ಆ ಕೆಸರ್ನಲ್ಲಿ ತಿರುವ್ಗಂಟ ಓಗಿ ವಾಪಸ್ ಬನ್ನಿ, ನೋಡ್ಮ" ಎಂದರು. ಚಿಕ್ಕಪ್ಪ ಹೋದ, ಬಂದ. ಅಗಲದ ಚಕ್ರ ಜಾಡಿನೊಳಗೆ ಬೀಳದೆ ಮೇಲೆಯೇ ತೇಲಿ ಬಂತು. ಮಾವ ಮೀಸೆಯಲ್ಲೇ ನಕ್ಕರು. ಒಬ್ಬಟ್ಟಿನ ಊಟವಾಯಿತು. ಆಮೇಲೆ ಶುರುವಾಯಿತು ನೋಡಿ ತವರಿನ ಸಾಮಾನು! ಅಕ್ಕಿ ಮೂಟೆ, ಬೆಲ್ಲದ ಅಚ್ಚು, ಬಾಳೆಗೊನೆ, ಚಕ್ಕುಲಿ ಬುಟ್ಟಿ, ಹಿತ್ತಾಳೆ ಹಂಡೆ. ಸೀಟಿನ ಹಿಂದೆ ಹೇರಿ, ಹಗ್ಗ ಕಟ್ಟಿ, ನಡುವೆ ನನ್ನನ್ನು ತುರುಕಿದರು. ಚಿಕ್ಕಮ್ಮ ಮಡಿಲಕ್ಕಿ ಹಿಡಿದು ತಲೆ ತಗ್ಗಿಸಿ ಕೂತಳು.

ಕಾರು ಹೊರಟಿತು. ಅಂಗಳದಿಂದ ಬೀದಿಗೆ ತಿರುಗುವಾಗಲೇ ಕರ್ರ್ ಎಂಬ ಸದ್ದು. ಆಮೇಲೆ ಸುಟ್ಟ ರಬ್ಬರಿನ ನಾತ, ಹೊಗೆ. ಇಳಿದು ನೋಡಿದರೆ ಭಾರಕ್ಕೆ ಕಾರು ಕುಗ್ಗಿ, ಅಗಲದ ಟೈರುಗಳು ಮಡ್‌ಗಾರ್ಡನ್ನು ಉಜ್ಜುತ್ತಿದ್ದವು. ಹೊಳೆ ದಂಡೆಯ ಪರೀಕ್ಷೆಗೆ ಕೂತದ್ದು ನುಗ್ಗೇಕಾಯಿಯಂಥ ಚಿಕ್ಕಪ್ಪ, ಅವನ ಪಕ್ಕದಲ್ಲಿ ನಾನು. ಹೊಸ ಸೊಸೆಯ ಜೊತೆ ಅರ್ಧ ಸಂತೆ ಬರುತ್ತದೆಂಬುದು ಯಾರ ತಲೆಗೂ ಹೊಳೆದಿರಲಿಲ್ಲ!

"ಸಾಮಾನು ಇಳ್ಸಿ, ಆಮೇಕೆ ತಕ್ಕೊಂಡೋಯ್ತೀನಿ" ಎಂದ ಚಿಕ್ಕಪ್ಪ. ಅವನ ಮುಖ ಸಪ್ಪಗಾಗಿತ್ತು.

"ಬರಿಗೈಲಿ ಕಳ್ಸಕಾದದಾ ನನ್ ಮಗಳ್ನ? ನಿಮ್ಮವ್ವ ಏನಂದಾರು?" ಎಂದು ಚಿಕ್ಕಮ್ಮನ ಅವ್ವ ಕಣ್ಣಲ್ಲಿ ನೀರು ತಂದುಕೊಂಡರು.

ಮಾವ ಆಳಿನ ಕಡೆ ತಿರುಗಿದರು. "ಗಾಡಿ ಕಟ್ಲಾ."

ಮುಗಿಯಿತು, ಕಾರು ಹೋಯಿತು ಅಂದುಕೊಂಡೆ. ಆಗ ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ಚಿಕ್ಕಮ್ಮ, ತಗ್ಗಿಸಿದ ತಲೆ ಎತ್ತದೆಯೇ, "ಆ ತಗಡು ಕಿತ್ತಾಕಿ ಅತ್ಲಾಗೆ" ಎಂದಳು.

ಹೊಸ ಮದುವಣಗಿತ್ತಿ, ಅಪ್ಪನ ಎದುರಿಗೆ, ಗಂಡನಿಗೆ! ಎಲ್ಲರೂ ಬೆಪ್ಪಾಗಿ ನಿಂತರು. "ಕೆಸರು ಮೈಮ್ಯಾಕೆ ಆರ್ತದಲ್ಲವ್ವ" ಎಂದರು ಮಾವ. "ಆರ್ಲಿ. ತೊಳ್ಕಂಡ್ರಾಯ್ತು" ಎಂದಳು.

ಚಿಕ್ಕಪ್ಪನ ಕೈ ಹೇಗೆ ಓಡಿತು ಅಂತೀರಿ! ನಾಲ್ಕೂ ಮಡ್‌ಗಾರ್ಡು ಬಿಚ್ಚಿ ಮಾವನ ಅಂಗಳಕ್ಕೆ ಎಸೆದು ಹೊರಟೇಬಿಟ್ಟ. ಅಬ್ಬಬ್ಬಾ, ಆ ಪ್ರಯಾಣ! ಅಗಲದ ಚಕ್ರಗಳು ಬೊಗಸೆ ಬೊಗಸೆ ಕೆಸರು ಎತ್ತಿ ನಮ್ಮ ಮೇಲೆ ಸುರಿದವು. ಕಣ್ಣಿಗೆ, ಬಾಯಿಗೆ, ಒಬ್ಬಟ್ಟು ತಿಂದ ಹೊಟ್ಟೆಯ ಮೇಲೆ. ಮಳವಳ್ಳಿ ಪೇಟೆಯಲ್ಲಿ ಜನ ಅಂಗಡಿ ಬಿಟ್ಟು ಬಂದು ನೋಡಿದರು. ನಾನು ಹೋ ಎಂದು ಕೂಗುತ್ತಿದ್ದೆ. ಊರು ಸಮೀಪಿಸುವ ಹೊತ್ತಿಗೆ ಚಿಕ್ಕಮ್ಮನೂ ನನ್ನ ಜೊತೆ ಕೂಗುತ್ತಿದ್ದಳು.

ಆರತಿ ತಟ್ಟೆ ಹಿಡಿದು ಬಾಗಿಲಲ್ಲಿದ್ದ ಅಜ್ಜಿ ಕಾರಿನಿಂದ ಇಳಿದ ಮಣ್ಣಿನ ಬೊಂಬೆಯನ್ನು ನೋಡಿ, "ಯಾರವ್ವ ನೀನು?" ಎಂದಳು.

"ನಿಮ್ ಸೊಸೆ ಕಣತ್ತೆ" ಎಂದು ಚಿಕ್ಕಮ್ಮ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಬಾಯಿತುಂಬ, ಜಗಲಿಯ ಮೇಲಿದ್ದ ತಾತನಿಗೂ ನಗು ಹತ್ತುವ ಹಾಗೆ. "ಇರ್ಲಿ ಬುಡ್ಲಾ ಕಾರು" ಎಂದ ತಾತ, ಕಣ್ಣೊರೆಸಿಕೊಳ್ಳುತ್ತಾ.

ಕಾರು ಕೆಲವು ವರ್ಷ ಓಡಿತು, ಆಮೇಲೆ ನಿಂತಲ್ಲೇ ತುಕ್ಕು ಹಿಡಿಯಿತು. ಈಗ ಚಿಕ್ಕಪ್ಪ ಇಲ್ಲ, ಚಿಕ್ಕಮ್ಮನೂ ಇಲ್ಲ. ಅವಳು ಆ ಮನೆಗೆ ಮಕ್ಕಳನ್ನು ಕೊಟ್ಟಳು, ಯಜಮಾನಿಕೆ ಮಾಡಿದಳು, ಎಲ್ಲರಿಂದಲೂ ಒಳ್ಳೆಯವಳು ಅನ್ನಿಸಿಕೊಂಡಳು. ಆದರೆ ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಮತ್ತೆ ಕೇಳಲಿಲ್ಲ. ಆ ನಗುವನ್ನು ಆ ಮನೆ ಯಾವಾಗ ತೆಗೆದುಕೊಂಡಿತೋ ಅವಳಿಗೂ ಗೊತ್ತಾಗಿರಲಿಕ್ಕಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಾನು ಗಂಡನ ಮನೆಗೆ ಹೋದದ್ದು ಬಸ್ಸಿನಲ್ಲಿ. ಅಷ್ಟರಲ್ಲಿ ಟಾರು ರಸ್ತೆಯಾಗಿತ್ತು. ಸೀರೆಯ ಮೇಲೆ ಒಂದು ಕಲೆಯಿರಲಿಲ್ಲ. ಹೊಸಿಲು ದಾಟುವಾಗ ನಗಬೇಕೆಂದು ಬಹಳ ಆಸೆಯಿತ್ತು ನನಗೆ. ನಗುವುದಕ್ಕೆ ಏನೂ ಸಿಗಲಿಲ್ಲ.